ಬಳಲಿಕೆಗೆ ಅಳತೆಗೋಲು ಉಂಟೆ?

ಮೈ ದಣಿದರೆ ಒಂದು ರಾತ್ರಿಯ ಗಾಢನಿದ್ರೆ ಸಾಕು. ಬೆಳಗಾಗುವಷ್ಟರಲ್ಲಿ ಲವಲವಿಕೆ ಮರಳುತ್ತದೆ. ಆದರೆ ಹತ್ತು ರಾತ್ರಿ ಮಲಗಿ ಎದ್ದರೂ ನೀಗದ ಬಳಲಿಕೆಯೊಂದುಂಟು. ಕಚೇರಿಯ ಹೆಸರೆತ್ತಿದರೆ ಜಿಗುಪ್ಸೆ, ಎದುರಿಗೆ ಬಂದವರಲ್ಲಿ ತಾತ್ಸಾರ, ಮಾಡಿದ ಕೆಲಸವೆಲ್ಲ ವ್ಯರ್ಥವೆಂಬ ಭಾವನೆ. ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ 1974ರಲ್ಲಿ ಬರೆದ ಲೇಖನದಿಂದ ಇದಕ್ಕೆ ‘ಬರ್ನ್‌ಔಟ್’, ಎಂದರೆ ಉರಿದು ಬರಿದಾಗುವುದು, ಎಂಬ ಹೆಸರು ರೂಢಿಗೆ ಬಂದಿತು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ಪಟ್ಟಿಯಲ್ಲಿ ಇದು ರೋಗವೆಂದಲ್ಲ, ಉದ್ಯೋಗದಿಂದ ಒದಗುವ ಸ್ಥಿತಿಯೆಂದು ದಾಖಲಾಗಿದೆ. ಸ್ವೀಡನ್ ದೇಶವಾದರೋ ಇದಕ್ಕೆ ಹತ್ತಿರದ ತೀವ್ರ ಬಳಲಿಕೆಯನ್ನು 2005ರಲ್ಲಿಯೇ ವ್ಯಾಧಿಯೆಂದು ಒಪ್ಪಿಕೊಂಡಿತು.

ಚಿಕಿತ್ಸೆಗಳೇನೋ ಹಲವು: ರಜೆ, ನಿದ್ರೆಯ ಶಿಸ್ತು, ವ್ಯಾಯಾಮ, ಮನೋಚಿಕಿತ್ಸೆ. ಆದರೆ ಗುಣವಾಯಿತೆಂದು ತಿಳಿಯುವುದು ಹೇಗೆ? ಜ್ವರಕ್ಕೆ ಉಷ್ಣಮಾಪಕವಿದೆ, ಮಧುಮೇಹಕ್ಕೆ ರಕ್ತಪರೀಕ್ಷೆಯಿದೆ. ಬಳಲಿಕೆಗೆ ಇರುವುದು ಪ್ರಶ್ನಾವಳಿಗಳು ಮಾತ್ರ. ಅವುಗಳಲ್ಲಿ ಪ್ರಸಿದ್ಧವಾದುದು ಅಮೆರಿಕದ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಪ್ರಕಟಿಸಿದ್ದು. ಉತ್ತರಿಸುವವನು ವೈದ್ಯರ ದಾಕ್ಷಿಣ್ಯಕ್ಕೆ ಒಳಗಾಗಿ ‘ಈಗ ವಾಸಿ’ ಎಂದುಬಿಟ್ಟರೆ? ಆದುದರಿಂದಲೇ ವಿಜ್ಞಾನಿಗಳು ದೇಹದ ಸಾಕ್ಷ್ಯವನ್ನೂ ಕೇಳಹೊರಟರು.

ಮೊದಲ ಸಾಕ್ಷಿ ಕಾರ್ಟಿಸಾಲ್ ಎಂಬ ಹಾರ್ಮೋನು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳು ಇದನ್ನು ಸ್ರವಿಸುತ್ತವೆ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಎಚ್ಚರವಾದ 30ರಿಂದ 45 ನಿಮಿಷಗಳಲ್ಲಿ ಇದು ಏರಿ, ರಾತ್ರಿಯ ವೇಳೆಗೆ ತಗ್ಗುತ್ತದೆ. ಬಾಯಲ್ಲಿ ಹತ್ತಿಯ ಸುರುಳಿಯಿಟ್ಟು ಜೊಲ್ಲುರಸ ಸಂಗ್ರಹಿಸಿದರೆ ಅಳೆಯಬಹುದು. ಕೂದಲೂ ಸಾಕ್ಷಿಯೇ. ಅದು ತಿಂಗಳಿಗೆ ಸುಮಾರು 1 ಸೆಂಟಿಮೀಟರು ಬೆಳೆಯುವುದರಿಂದ, ಬುಡದ 3 ಸೆಂಟಿಮೀಟರಿನಲ್ಲಿ ಮೂರು ತಿಂಗಳ ಕಥೆಯಿರುತ್ತದೆ. ಹೃದಯದ ಬಡಿತಗಳ ನಡುವಣ ಅಂತರದ ಏರಿಳಿತವನ್ನೂ ಗಮನಿಸುವುದುಂಟು.

ಆದರೆ ಸಾಕ್ಷಿಗಳ ಹೇಳಿಕೆ ಒಂದೇ ಬಗೆಯಾಗಿಲ್ಲ. ಬಳಲಿದವರಲ್ಲಿ ಕೆಲವು ಅಧ್ಯಯನಗಳಿಗೆ ಕಾರ್ಟಿಸಾಲ್ ಕಡಮೆಯಾಗಿ ಕಂಡಿದೆ, ಕೆಲವಕ್ಕೆ ಹೆಚ್ಚಾಗಿ, ಇನ್ನು ಕೆಲವಕ್ಕೆ ಏನೂ ವ್ಯತ್ಯಾಸ ತೋರಿಲ್ಲ. ಆರಂಭದಲ್ಲಿಯೇ ದೋಷವಿಲ್ಲದ ಅಂಕಿಯನ್ನು ಚಿಕಿತ್ಸೆ ಸರಿಪಡಿಸುವುದೆಂತು? ಎದ್ದೊಡನೆ ಕೊಡಬೇಕಾದ ಮಾದರಿಯನ್ನು ಕಾಲು ಗಂಟೆ ತಡಮಾಡಿದರೂ ಫಲಿತಾಂಶ ಬದಲಾಗುತ್ತದೆ. ಸಿಗರೇಟು, ಔಷಧಿಗಳು, ನಿದ್ರೆಯ ಕೊರತೆ ಎಲ್ಲವೂ ಲೆಕ್ಕವನ್ನು ಕೆಡಿಸಬಲ್ಲವು. ಮೇಲಾಗಿ, ಕೆಲಸದಿಂದ ದೂರವಿದ್ದ ಮಾತ್ರಕ್ಕೆ ಹಲವರು ಚೇತರಿಸಿಕೊಳ್ಳುತ್ತಾರೆ. ಚಿಕಿತ್ಸೆಗಾಗಿ ಇನ್ನೂ ಕಾಯುತ್ತಿರುವ ಅಂಥವರನ್ನೂ ಜೊತೆಯಲ್ಲಿ ಪರೀಕ್ಷಿಸಿ ಹೋಲಿಸದಿದ್ದರೆ, ಕಾಲ ಮಾಡಿದ ಉಪಕಾರ ಚಿಕಿತ್ಸೆಯ ಖಾತೆಗೆ ಜಮೆಯಾದೀತು.

ಬಳಲಿಕೆಯನ್ನಾಗಲಿ ಗುಣವನ್ನಾಗಲಿ ಖಚಿತವಾಗಿ ತೋರಿಸುವ ಒಂದೇ ಒಂದು ಪರೀಕ್ಷೆ ಇದುವರೆಗೂ ದೊರೆತಿಲ್ಲ. ಜೊಲ್ಲುರಸದ ಒಂದು ಅಂಕಿಯನ್ನು ಮುಂದಿಟ್ಟು ಮದ್ದು ಮಾರುವವರಲ್ಲಿ ಎಚ್ಚರವಿರಬೇಕು. ಅಷ್ಟೇ ಮುಖ್ಯವಾದ ಇನ್ನೊಂದು ಮಾತುಂಟು. ರಕ್ತದ ವರದಿ ಸರಿಯಾಗಿದೆಯೆಂಬ ಕಾರಣಕ್ಕೆ ಮನೆಯವರು ಬಳಲಿದವನನ್ನು ಸೋಮಾರಿಯೆಂದು ಹಳಿಯಲಾಗದು. ಯಂತ್ರಕ್ಕೆ ಕಾಣದ್ದನ್ನು ಅವನ ಬಾಯಿಮಾತೇ ಹೇಳಬೇಕು. ಅದನ್ನು ಕೇಳುವ ತಾಳ್ಮೆ ಮನೆಯಲ್ಲಿಯೂ ಕಚೇರಿಯಲ್ಲಿಯೂ ಇರಬೇಕು.