ಬುದ್ಧಿಗೂ ಅಲುಗುಂಟು

ಅಂತರಘಟ್ಟೆಯಿಂದ ಅಜ್ಜಂಪುರಕ್ಕೋ ತರೀಕೆರೆಗೋ ಹೋಗುವ ಬಸ್ಸಿನಲ್ಲಿ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಕೈಯಲ್ಲಿ ಇಂಗ್ಲಿಷ್ ಪದಗಳ ಗೈಡು ಇದ್ದರೆ, ಅದರಲ್ಲಿ ‘ಹೆಬಿಟೇಟ್’ ಎಂಬ ಕ್ರಿಯಾಪದ ಸಿಕ್ಕೀತು. ಎದುರಿಗೆ ‘ಮಂದಗೊಳಿಸು’ ಎಂದಷ್ಟೇ ಅರ್ಥ. ಅಷ್ಟನ್ನೇ ಉರು ಹೊಡೆದರೆ ಎಡವಲು ಜಾಗ ಬಹಳ.

ತಪ್ಪು ಕಲ್ಪನೆ: ಇದು ಹುಟ್ಟಾ ದಡ್ಡರ ಬಗ್ಗೆ ಹೇಳುವ ಪದ.

ವಾಸ್ತವ: ಹುಟ್ಟಾ ದಡ್ಡತನಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. ಲ್ಯಾಟಿನ್ನಿನ ‘ಹೆಬೆಸ್’ ಎಂದರೆ ಮೊಂಡಾದದ್ದು. ಕತ್ತಿಯ ಅಲುಗಿಗೂ ಸಲ್ಲುತ್ತಿದ್ದ ಮಾತು. 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಕ್ರಿಯಾಪದ ಅದೇ ಬೇರಿನದು. ಮೊಂಡಾಗಬೇಕಾದರೆ ಮೊದಲು ಹರಿತವಿರಬೇಕಲ್ಲ? ಹಾಗಾಗಿ ಚುರುಕಾಗಿದ್ದ ಬುದ್ಧಿ ಜಡ್ಡುಗಟ್ಟುವುದನ್ನೇ ಇದು ಹೇಳುತ್ತದೆ. ವರ್ಷವಿಡೀ ಸಿದ್ಧ ಉತ್ತರಗಳನ್ನೇ ಬಾಯಿಪಾಠ ಮಾಡಿಸುವ ಟ್ಯೂಷನ್ ಮಕ್ಕಳನ್ನು ‘ಹೆಬಿಟೇಟ್’ ಮಾಡುತ್ತದೆ ಎಂದರೆ ಪದ ಸರಿಯಾಗಿ ಕೂರುತ್ತದೆ. ಮಕ್ಕಳು ದಡ್ಡರು ಎಂದಂತಾಗುವುದಿಲ್ಲ. ಬೈಗುಳ ಟ್ಯೂಷನ್ನಿಗೆ ಸೇರುತ್ತದೆ, ಸೇರಬೇಕಾದ್ದೂ ಅಲ್ಲಿಗೇ.

ತಪ್ಪು ಕಲ್ಪನೆ: ಕನ್ನಡದಲ್ಲಿ ಇದಕ್ಕೆ ಸಾಟಿ ಮಾತಿಲ್ಲ.

ವಾಸ್ತವ: ಇದೆ, ಆದರೆ ಚಿತ್ರ ಬೇರೆ. ರಾಗಿ ಕೊಯ್ಲಿನ ಹೊತ್ತಿಗೆ ಕುಡುಗೋಲು ಮೊಂಡಾಯಿತು ಅನ್ನುತ್ತೇವೆ. ಮನುಷ್ಯ ‘ಮೊಂಡ’ನಾದರೆ ಮಾತ್ರ ಹಟಮಾರಿ ಎಂದರ್ಥ, ಮಂದಬುದ್ಧಿಯವನು ಎಂದಲ್ಲ. ಬುದ್ಧಿಯ ವಿಷಯಕ್ಕೆ ಬಂದರೆ ನಮ್ಮವರು ಅಲುಗು ಬಿಟ್ಟು ಬೆಳಕಿನ ಕಡೆ ಹೊರಳುತ್ತಾರೆ. ದೀಪವೂ ಮಂಕಾಗುತ್ತದೆ, ಮನಸ್ಸಿಗೂ ಮಂಕು ಕವಿಯುತ್ತದೆ. ಆದರೂ ಸಂಸ್ಕೃತದಿಂದ ಬಂದ ‘ಕುಶಾಗ್ರಮತಿ’ಯಲ್ಲಿ ದರ್ಭೆಯ ಮೊನೆ ಉಳಿದಿದೆ. ‘ಮಂಕಾಗಿಸು’ ಎಂದು ಅನುವಾದಿಸಿದರೆ ಹೆಚ್ಚು ಕಡೆ ಸಾಕು. ‘ಮಂಕುಬೂದಿ ಎರಚು’ ಬೇಡ, ಅದು ಮೋಸದ ಮಾತು.

ತಪ್ಪು ಕಲ್ಪನೆ: ‘ಹೆಬೆಫ್ರೀನಿಯಾ’ ಎಂಬ ಮನೋರೋಗದ ಹೆಸರೂ ಇದೇ ಬೇರಿನದು.

ವಾಸ್ತವ: ಅಲ್ಲ. ಜರ್ಮನಿಯ ವೈದ್ಯ ಎವಾಲ್ಡ್ ಹೆಕರ್ 1871ರಲ್ಲಿ ವಿವರಿಸಿದ ಆ ಕಾಯಿಲೆಯ ಹೆಸರು ಗ್ರೀಕ್ ಭಾಷೆಯ ‘ಹೆಬೆ’, ಅಂದರೆ ತಾರುಣ್ಯದಿಂದ ಬಂದದ್ದು. ಹರೆಯದಲ್ಲಿ ಕಾಣಿಸಿಕೊಳ್ಳುವ ಕಾಯಿಲೆಯೆಂದು ಆ ಹೆಸರು. ನಮ್ಮ ಪದದ ನಿಜವಾದ ನೆಂಟ ‘ಹೆಬಿಟ್ಯೂಡ್’: ಮಂಕುತನ.

ತಪ್ಪು ಕಲ್ಪನೆ: ಸ್ಟುಪಿಫೈ, ಸ್ಟಲ್ಟಿಫೈ, ಅಬ್ಟಂಡ್, ಹೆಬಿಟೇಟ್ ಎಲ್ಲವೂ ಒಂದೇ.

ವಾಸ್ತವ: ಅಮಲಿನಿಂದಲೋ ಆಘಾತದಿಂದಲೋ ದಿಗ್ಭ್ರಮೆ ಹಿಡಿಸುವುದು ಸ್ಟುಪಿಫೈ. ‘ಸ್ಟಲ್ಟಸ್’ ಎಂದರೆ ಲ್ಯಾಟಿನ್ನಿನಲ್ಲಿ ಮೂರ್ಖ. ಸ್ಟಲ್ಟಿಫೈ ಅಂದರೆ ಮಾಡಿದ ಕೆಲಸವನ್ನು ಹಾಸ್ಯಾಸ್ಪದ ಅಥವಾ ವ್ಯರ್ಥವಾಗಿಸುವುದು, ಉತ್ಸಾಹ ಕುಗ್ಗಿಸುವುದು. ಅಬ್ಟಂಡ್‌ಗೂ ಮೊಂಡಾಗಿಸುವುದೇ ಮೂಲಾರ್ಥ. ಆದರೆ ಅದೀಗ ಆಸ್ಪತ್ರೆಯ ಸೊತ್ತು. ರೋಗಿ ‘ಅಬ್ಟಂಡೆಡ್’ ಎಂದು ವೈದ್ಯರು ಬರೆದರೆ ಎಚ್ಚರ ಕುಂದಿದೆ, ಕರೆದರೆ ತಡವಾಗಿ ಸ್ಪಂದಿಸುತ್ತಾರೆ ಎಂದರ್ಥ. ಅಲ್ಲಿ ‘ಹೆಬಿಟೇಟ್’ ಹಾಕಲಾಗದು.

ತಪ್ಪು ಕಲ್ಪನೆ: ಉತ್ತರಪತ್ರಿಕೆಯಲ್ಲಿ ಇಂಥ ಪದ ಉದುರಿಸಿದರೆ ಅಂಕ ಹೆಚ್ಚು.

ವಾಸ್ತವ: ಇಂಗ್ಲಿಷ್ ಮನೆಮಾತಿನವರೂ ಇದನ್ನು ಕಂಡರೆ ನಿಘಂಟು ಹುಡುಕುತ್ತಾರೆ. ಪ್ರಬಂಧಕ್ಕೆ ‘ಡಲ್’, ‘ಬ್ಲಂಟ್’ ಧಾರಾಳ ಸಾಕು. ಬಿಗುಮಾನದ ಗದ್ಯದಲ್ಲೋ ಗೇಲಿಯಲ್ಲೋ ಇದಕ್ಕೆ ಕಳೆ. ಸಮಾನಾರ್ಥಕ ಪದದ ಪ್ರಶ್ನೆಯಲ್ಲಿ ಗುರುತು ಹಿಡಿದರಾಯಿತು. ಮಂಕಾಗು, ಮಂಕಾಗಿಸು ಎರಡಕ್ಕೂ ಇಂಗ್ಲಿಷಿನಲ್ಲಿ ಇದೊಂದೇ ರೂಪ. ಉಚ್ಚಾರದಲ್ಲಿ ಒತ್ತು ಬೀಳುವುದು ‘ಹೆ’ ಮೇಲೆ.