ಡಬ್ಬ ಮುಚ್ಚುವ ಕೈಗಳು

ಹಬ್ಬದ ದಿನ ಪಾಯಸದ ಬಟ್ಟಲಿನಲ್ಲಿ ತುಪ್ಪದಲ್ಲಿ ಹುರಿದ ಗೋಡಂಬಿಯೊಂದು ಇಡಿಯಾಗಿ ದೊರೆತರೆ ಮಕ್ಕಳಿಗಾಗುವ ಹಿಗ್ಗು ವಾಚಕರಿಗೆ ಅಪರಿಚಿತವಲ್ಲ. ಆದರೆ ಆ ಬೀಜ ಮುರಿಯದೆ, ಹುಳು ಹಿಡಿಯದೆ, ಕಮಟು ವಾಸನೆ ಬಾರದೆ ಅಡಿಗೆಮನೆಯವರೆಗೆ ಹೇಗೆ ಬಂದಿತೆಂದು ವಿಚಾರಿಸುವವರು ವಿರಳ. ಗೇರುಬೀಜವನ್ನು ಬೆಳೆದವನನ್ನು ಸ್ಮರಿಸುವವರುಂಟು. ಅದನ್ನು ತುಂಬಿ, ತೂಗಿ, ಮುಚ್ಚಿದವರನ್ನು ಸ್ಮರಿಸುವವರಿಲ್ಲ.

ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರೊಡನೆ ಬ್ರೆಜಿಲಿನಿಂದ ಬಂದ ಗೇರುಮರವು ನಮ್ಮ ಕರಾವಳಿಯ ಮುರಕಲ್ಲಿನ ಗುಡ್ಡಗಳಲ್ಲಿ ಬೇರೂರಿ ಈ ನೆಲದ್ದೇ ಆಗಿಹೋಯಿತು. ಮಂಗಳೂರು, ಉಡುಪಿ, ಕಾರ್ಕಳದ ಕಡೆ ಗೇರುಬೀಜದ ಕಾರ್ಖಾನೆಯೆಂದರೆ ಬಹುಮಟ್ಟಿಗೆ ಹೆಂಗಸರ ಕಾರ್ಖಾನೆ. ಬೀಜವನ್ನು ಬೇಯಿಸುವುದು ಅಥವಾ ಹುರಿಯುವುದು, ಚರ್ಮ ಸುಡುವ ಎಣ್ಣೆಯುಳ್ಳ ಚಿಪ್ಪನ್ನೊಡೆಯುವುದು, ಬಿಸಿ ಕೋಣೆಯಲ್ಲಿ ಒಣಗಿಸುವುದು, ಸಿಪ್ಪೆ ಸುಲಿಯುವುದು, ದರ್ಜೆಗೆ ತಕ್ಕಂತೆ ಬೇರ್ಪಡಿಸುವುದು, ಇಷ್ಟೆಲ್ಲ ಮುಗಿದ ಮೇಲೆ ಕಟ್ಟಕಡೆಯದಾಗಿ ಪ್ಯಾಕಿಂಗ್. ಕಡೆಯ ಕೆಲಸವೆಂದು ಅದನ್ನು ಸುಲಭವೆಂದು ಬಗೆಯುವವರು ಈ ಉದ್ಯಮದ ಪೂರ್ವೇತಿಹಾಸವನ್ನು ಸ್ವಲ್ಪ ನೋಡಬೇಕು.

1920ರ ದಶಕದಲ್ಲಿ ಕೇರಳದ ಕೊಲ್ಲಂ ಬಂದರಿನಿಂದ ಅಮೆರಿಕೆಗೆ ಗೋಡಂಬಿ ಹೊರಟಾಗ ಅದನ್ನು ಮರದ ಪೆಟ್ಟಿಗೆಗಳಲ್ಲಿ ತುಂಬಿ ಕಳುಹಿಸುತ್ತಿದ್ದರು. ವಾರಗಟ್ಟಲೆಯ ಹಡಗಿನ ಪ್ರಯಾಣದಲ್ಲಿ ಬೀಜಕ್ಕೆ ಹುಳು ಬೀಳುತ್ತಿತ್ತು. ಬೆಳೆಯೂ ಚೆನ್ನ, ಸುಲಿಗೆಯೂ ಚೆನ್ನ, ಕೆಟ್ಟದ್ದು ಕಟ್ಟುವಿಕೆಯಿಂದ. ಆಗ ಕಂಡುಕೊಂಡ ಉಪಾಯವೇ ಗಾಳಿಯಿಲ್ಲದ ಡಬ್ಬ. ಸೀಮೆಎಣ್ಣೆಯ ಡಬ್ಬದಂತಹ ನಾಲ್ಕು ಗ್ಯಾಲನ್ನಿನ ಚೌಕ ತಗಡಿನ ಡಬ್ಬದಲ್ಲಿ 25 ಪೌಂಡು ಬೀಜವನ್ನು ತುಂಬಿ, ಒಳಗಿನ ಗಾಳಿಯನ್ನು ಹೀರಿ, ಅದರ ಬದಲು ಇಂಗಾಲದ ಡೈಆಕ್ಸೈಡನ್ನು ತುಂಬಿ, ತೂತನ್ನು ಬೆಸುಗೆ ಹಾಕಿ ಮುಚ್ಚುವುದು. ಗೋಡಂಬಿಯ ತೂಕದಲ್ಲಿ ಅರ್ಧದ ಸಮೀಪ ಎಣ್ಣೆಯೇ. ಆಮ್ಲಜನಕ ತಗಲಿದರೆ ಅದು ಕಮಟುತ್ತದೆ. ಈ ಅನಿಲವಾದರೋ ಬೀಜದ ಎಣ್ಣೆಯಲ್ಲಿ ಮೆಲ್ಲನೆ ಕರಗಿ ಡಬ್ಬದೊಳಗೆ ನಿರ್ವಾತವನ್ನುಂಟುಮಾಡುತ್ತದೆ. ಹಾಗಾಗಿ ಬೀಜಗಳು ಒಂದಕ್ಕೊಂದು ಬಿಗಿದು, ಹಡಗು ಎಷ್ಟು ತೊನೆದರೂ ಉರುಳಾಡುವುದಿಲ್ಲ. ಬೆಸುಗೆಯಲ್ಲಿ ಸೂಜಿಮೊನೆಯಷ್ಟು ಕಂಡಿ ಉಳಿಯಿತೋ, ಅಷ್ಟೂ ವ್ಯರ್ಥ.

ಇನ್ನು ಎಣಿಕೆಯ ಮಾತು. ಗೋಡಂಬಿಯ ದರ್ಜೆಗಳಿಗೆ ‘ಡಬ್ಲ್ಯೂ 180’, ‘ಡಬ್ಲ್ಯೂ 240’, ‘ಡಬ್ಲ್ಯೂ 320’ ಎಂದು ಹೆಸರಿಡುವುದುಂಟು. ಒಂದು ಪೌಂಡಿಗೆ ಎಷ್ಟು ಇಡೀ ಬೀಜ ತೂಗುತ್ತದೆಂಬುದೇ ಆ ಅಂಕಿ. ಅಂಕಿ ಕಿರಿದಾದಷ್ಟೂ ಬೀಜ ದೊಡ್ಡದು, ಬೆಲೆ ಹಿರಿದು. 320ರ ದರ್ಜೆಯ ಒಂದು ಡಬ್ಬದಲ್ಲಿ ಸುಮಾರು 8,000 ಬೀಜಗಳಿರುತ್ತವೆ. ಅಡ್ಡಕ್ಕೆ ಮುರಿದದ್ದು ‘ಬಟ್ಸ್’, ಉದ್ದಕ್ಕೆ ಸೀಳಿದ್ದು ‘ಸ್ಪ್ಲಿಟ್ಸ್’, ನುಚ್ಚಾದದ್ದು ‘ಬೇಬಿ ಬಿಟ್ಸ್’. ಹೆಸರು ಮುದ್ದಾಗಿದ್ದರೂ ಬೆಲೆ ಕುಸಿದುಹೋಗಿರುತ್ತದೆ. ಚೆನ್ನಾಗಿ ಒಣಗಿದ ಬೀಜ ಹಪ್ಪಳದಂತೆ ಮುರಿಯುತ್ತದೆ; ಆದುದರಿಂದ ತುಂಬುವ ಮೊದಲು ಅದಕ್ಕೆ ಕೊಂಚ ತೇವ ಕೂಡಿಸುತ್ತಾರೆ. ಆ ತೇವ ನೂರಕ್ಕೆ ಐದನ್ನು ಮೀರಿದರೆ ಬೂಷ್ಟು ಹಿಡಿಯುವ ಭಯ. ಬೀಜ ಕೂರಲೆಂದು ಡಬ್ಬವನ್ನು ಅಲುಗಿಸಬೇಕು, ಒಡೆಯದಿರಲೆಂದು ಅಲುಗಿಸಬಾರದು. ಈ ಎರಡರ ನಡುವಣ ಹದ ಯಾವ ಪುಸ್ತಕದಲ್ಲೂ ಇಲ್ಲ, ಮಣಿಕಟ್ಟಿನಲ್ಲಿದೆ.

ಆ ಕೈಗೆ ಬಳೆ ಕೂಡದು. ಮುಡಿಗೆ ಮಲ್ಲಿಗೆ ಕೂಡದು, ಅದೂ ಶಂಕರಪುರದ ಮಲ್ಲಿಗೆ ಬೆಳೆಯುವ ನಾಡಿನಲ್ಲಿ! ಒಂದು ತಲೆಗೂದಲು, ಒಂದು ಬಳೆಚೂರು ಡಬ್ಬ ಸೇರಿದರೆ ಸಾವಿರಾರು ಮೈಲಿ ದೂರದ ಗಿರಾಕಿ ಇಡೀ ಸರಕನ್ನು ತಿರಸ್ಕರಿಸಬಹುದು. ತೂಕದಲ್ಲಿ ಹೆಚ್ಚಾದರೆ ಧಣಿಗೆ ನಷ್ಟ, ಕಡಿಮೆಯಾದರೆ ಗಿರಾಕಿಯ ದೂರು. ಎರಡಕ್ಕೂ ಹೊಣೆ ತಕ್ಕಡಿಯ ಮುಂದೆ ನಿಂತವರದೇ.

ಹೊರೆಯ ಲೆಕ್ಕವನ್ನೂ ನೋಡಬೇಕು. ಎರಡು ಡಬ್ಬಗಳ ಪೆಟ್ಟಿಗೆಯೊಂದರಲ್ಲಿ 50 ಪೌಂಡು, ಅಂದರೆ 22.68 ಕಿಲೋ ಬೀಜ. ಇಪ್ಪತ್ತು ಅಡಿಯ ಒಂದು ಕಂಟೇನರಿಗೆ ವಾಡಿಕೆಯಂತೆ 700 ಪೆಟ್ಟಿಗೆ. ಪಣಂಬೂರಿನ ನವಮಂಗಳೂರು ಬಂದರಿಗೆ ಹೊರಡುವ ಅಂತಹದೊಂದು ಕಂಟೇನರಿನಲ್ಲಿ, 320ರ ದರ್ಜೆಯಾದರೆ, ಸುಮಾರು 1 ಕೋಟಿ 12 ಲಕ್ಷ ಬೀಜಗಳು. ತೂಕ ಹದಿನಾರು ಟನ್ನಿಗೆ ತುಸು ಕಡಿಮೆ. ಬೆಳಗಿನಿಂದ ನೂರು ಪೆಟ್ಟಿಗೆ ಎತ್ತಿಟ್ಟ ಆಳಿನ ಬೆನ್ನಿನ ಮೇಲೆ ಎರಡೂಕಾಲು ಟನ್ನು ಹಾದುಹೋಗಿರುತ್ತದೆ. ಸಂಜೆ ಬಸ್ಸಿನಲ್ಲಿ ಆತ ಕಂಬಿ ಹಿಡಿದು ನಿಲ್ಲಲಾರದಿದ್ದರೆ ಅದು ಸೋಮಾರಿತನವಲ್ಲ.

ಕಾಲ ಈಗ ಬದಲಾಗಿದೆ. ತಗಡಿನ ಡಬ್ಬದ ಸ್ಥಾನವನ್ನು ಬಹುಮಟ್ಟಿಗೆ ನಿರ್ವಾತದ ಪ್ಲಾಸ್ಟಿಕ್ ಚೀಲವು ಆಕ್ರಮಿಸಿದೆ. ಅಚ್ಚಿನಲ್ಲಿ ಒತ್ತಿ ತೆಗೆದ ಆ ಚೀಲ ಇಟ್ಟಿಗೆಯಂತೆ ಗಟ್ಟಿ. ಬಣ್ಣ ನೋಡಿ ಬೀಜವನ್ನು ಬೇರ್ಪಡಿಸುವ ಯಂತ್ರಗಳು ಬಂದು, ಸಾಲಾಗಿ ಕುಳಿತು ದರ್ಜೆ ಮಾಡುತ್ತಿದ್ದ ಹೆಂಗಸರ ಸಂಖ್ಯೆಯನ್ನು ತಗ್ಗಿಸುತ್ತಿವೆ. 2006ರ ವೇಳೆಗೆ ರಫ್ತಿನಲ್ಲಿ ವಿಯೆಟ್ನಾಂ ಭಾರತವನ್ನು ಹಿಂದೆ ಹಾಕಿತು. ಇಲ್ಲಿಯ ಕಾರ್ಖಾನೆಗಳಿಗೆ ಬೇಕಾದ ಕಚ್ಚಾ ಬೀಜದಲ್ಲಿ ಬಹುಭಾಗ ಆಫ್ರಿಕಾದಿಂದ ಹಡಗಿನಲ್ಲಿ ಬರಬೇಕು. ಹಡಗು ತಡವಾದರೆ ಒಲೆ ಆರುತ್ತದೆ. ಒಡೆದ ಬೀಜದ ತೂಕಕ್ಕೆ, ಸುಲಿದ ಬೀಜದ ತೂಕಕ್ಕೆ ಕೂಲಿ ಪಡೆಯುವವರ ಮನೆಯ ಒಲೆಯೂ ಅದರೊಡನೆ ಆರುತ್ತದೆ.

ಆದರೂ ಕಟ್ಟುವ ಕೆಲಸ ಮುಗಿದಿಲ್ಲ, ಹೆಚ್ಚಿದೆಯೆಂದೇ ಹೇಳಬಹುದು. ದೇಶದೊಳಗೇ ಗೋಡಂಬಿ ತಿನ್ನುವವರು ಹೆಚ್ಚಿದ್ದಾರೆ. ಅವರಿಗೆ 22 ಕಿಲೋವಿನ ಪೆಟ್ಟಿಗೆ ಬೇಡ, 250 ಗ್ರಾಮಿನ ಪೊಟ್ಟಣ ಸಾಕು. ಒಂದು ಪೆಟ್ಟಿಗೆಯ ಸರಕು ಸುಮಾರು ತೊಂಬತ್ತು ಪೊಟ್ಟಣಗಳಾಗುವಾಗ ತೊಂಬತ್ತು ಸಲ ತೂಗಬೇಕು, ತೊಂಬತ್ತು ಸಲ ಮುಚ್ಚಬೇಕು. ಪೊಟ್ಟಣದ ಮೇಲೆ ಏನೇನು ಅಚ್ಚಾಗಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಾವಳಿಯು ವಿಧಿಸಿದೆ: ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಿಂಗಳು, ವರ್ಷ, ಜೊತೆಗೆ ತಯಾರಕರ ಇಲ್ಲವೇ ಪ್ಯಾಕರರ ಹೆಸರು ಮತ್ತು ವಿಳಾಸ. ಈ ‘ಪ್ಯಾಕರ್’ ಎಂದರೆ ಕಂಪೆನಿ. ತಲೆಗೆ ಬಟ್ಟೆ ಕಟ್ಟಿ, ಬಿಸಿ ಪಟ್ಟಿಯ ಕೆಳಗೆ ಪೊಟ್ಟಣದ ಬಾಯನ್ನು ನೇರವಾಗಿ ಹಿಡಿದು, ಮಡಿಕೆ ಬೀಳದಂತೆ ಒತ್ತಿ, ಒಮ್ಮೆ ಬೆರಳಿನಿಂದ ಸವರಿ ನೋಡಿ ಪಕ್ಕದ ಬುಟ್ಟಿಗೆ ಹಾಕುವಾಕೆಯ ಹೆಸರು ಹಾಜರಿ ಪುಸ್ತಕದಲ್ಲಿದೆ.