ಹೊರದೇಶದ ಎಂಬಿಬಿಎಸ್‌ಗೆ ಇಲ್ಲಿ ಬೆಲೆ ಹೇಗೆ?

ಪ್ರಶ್ನೆ: ವಿದೇಶದಲ್ಲಿ ಎಂಬಿಬಿಎಸ್ ಓದಿ ಬಂದವರು ಸಿರುಗುಪ್ಪದಲ್ಲಿ ನೇರವಾಗಿ ದವಾಖಾನೆ ತೆರೆಯಬಹುದೇ? – ಓದುಗರು, ಕುರುಗೋಡು

ಉತ್ತರ: ಇಲ್ಲ. ಹೊರದೇಶದ ಪದವಿ ಕೈಯಲ್ಲಿದ್ದರೂ ಮೊದಲು ವಿದೇಶದಲ್ಲಿ ವೈದ್ಯಕೀಯ ಓದಿ ಬಂದವರಿಗೆಂದು ಇಲ್ಲಿ ನಡೆಸುವ ಎಫ್‌ಎಂಜಿಇ ಪರೀಕ್ಷೆ ದಾಟಬೇಕು. 2002ರಿಂದ ನಡೆಯುತ್ತಿರುವ ಈ ಪರೀಕ್ಷೆಯಲ್ಲಿ 300 ಅಂಕಕ್ಕೆ 150 ಬಂದರೆ ಪಾಸು. ಆಮೇಲೆ ಇಲ್ಲಿನ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಅದು ಮುಗಿದ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಕಾಯಂ ನೋಂದಣಿ.

2021ರ ನಿಯಮದಂತೆ ಅಲ್ಲಿನ ಕೋರ್ಸು ಕನಿಷ್ಠ 54 ತಿಂಗಳಿನದಿರಬೇಕು, ಪಾಠ ಇಂಗ್ಲಿಷಿನಲ್ಲೇ ನಡೆದಿರಬೇಕು. ಹೊರಡುವ ಮುನ್ನ ನೀಟ್ ಅರ್ಹತೆಯೂ ಬೇಕು.

ಕಾಯಿಲೆ ಬಿದ್ದವರ ಜೀವ ವೈದ್ಯರ ಕೈಯಲ್ಲಿರುತ್ತದೆ. ಅದಕ್ಕೇ ಇಷ್ಟು ಬಿಗಿ. ಬಳ್ಳಾರಿ ಸೀಮೆಯ ತಂದೆ-ತಾಯಂದಿರೇ, ಹೊಲ ಮಾರಿ ಶುಲ್ಕ ಕಟ್ಟುವ ಮೊದಲೇ ಈ ಷರತ್ತುಗಳನ್ನು ಒಂದೊಂದಾಗಿ ತಾಳೆ ನೋಡಿ.